ಅಜ್ಜಿಯ ರಕ್ತದ ಅಂಕೆ

ಸ್ನಾಯುಗಳಲ್ಲಿ ದಿನವೂ ಹುಟ್ಟುವ ಕಸ ಕ್ರಿಯಾಟಿನಿನ್. ಅದನ್ನು ರಕ್ತದಿಂದ ಸೋಸಿ ಹೊರಹಾಕುವುದು ಮೂತ್ರಪಿಂಡಗಳ ಕಾರ್ಯ. ಅವು ಸೋತರೆ ಕಸ ರಕ್ತದಲ್ಲಿಯೇ ಉಳಿಯುತ್ತದೆ. ಪಿಕ್ರಿಕ್ ಆಮ್ಲದೊಡನೆ ಕ್ಷಾರದಲ್ಲಿ ಅದು ಕಿತ್ತಳೆಗೆಂಪು ಬಣ್ಣ ತಾಳುವುದೆಂದು ಮ್ಯಾಕ್ಸ್ ಯಾಫೆ 1886ರಲ್ಲಿ ತಿಳಿಸಿದನು. ಆ ಬಣ್ಣವೇ ಇಂದಿಗೂ ಹಲವು ಪ್ರಯೋಗಾಲಯಗಳ ಅಳತೆಗೋಲು.

ಆದರೆ ಅಂಕೆಯೊಂದನ್ನೇ ನಂಬುವಂತಿಲ್ಲ. 75 ಕಿಲೋ ತೂಗುವ 25ರ ತರುಣನಿಗೂ, 45 ಕಿಲೋ ತೂಗುವ 75ರ ಅಜ್ಜಿಗೂ ಡೆಸಿಲೀಟರಿಗೆ 1 ಮಿಲಿಗ್ರಾಂ ಎಂದೇ ವರದಿ ಬಂದಿತೆನ್ನಿ. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 1976ರಲ್ಲಿ ಪ್ರಕಟಿಸಿದ ಸೂತ್ರದಂತೆ ತರುಣನ ಮೂತ್ರಪಿಂಡಗಳ ಸೋಸುವ ಶಕ್ತಿ ನಿಮಿಷಕ್ಕೆ ಸುಮಾರು 120 ಮಿಲಿಲೀಟರ್. ಅಜ್ಜಿಯದು ಬರಿಯ 35! ಸ್ನಾಯು ಕೃಶವಾಗಿರುವುದರಿಂದ ಆಕೆಯಲ್ಲಿ ಹುಟ್ಟುವ ಕಸವೇ ಕಡಿಮೆ. ಮೂತ್ರಪಿಂಡಗಳ ದೌರ್ಬಲ್ಯ ಅದರ ಮರೆಯಲ್ಲಿ ಅಡಗಿದೆ. ವರದಿ ಸರಿಯಾಗಿದೆಯೆಂದು ನೆಮ್ಮದಿಗೊಂಡ ಮನೆಯವರು ಆಕೆಯ ಕೀಲುನೋವಿಗೆ ಅಂಗಡಿಯಿಂದ ನೋವಿನ ಮಾತ್ರೆಗಳನ್ನು ತರುತ್ತಲೇ ಹೋದರೆ, ಉಳಿದ ಶಕ್ತಿಯೂ ಕರಗೀತು.