ವಿಮಾನದ ಕುರ್ಚಿ, ಕಬ್ಬಿನ ಗಾಡಿ



ಎತ್ತಿನ ಗಾಡಿಗೆ ಕಬ್ಬು ಹೇರುವವರಿಗೆ ಹೇಳಬೇಕಾಗಿಲ್ಲ. ಭಾರ ಮುಂದಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ನಾವು ನೊಗ ಎಂದರೂ ಮರಾಠಿಯಲ್ಲಿ ಜೂ ಎಂದರೂ ಲೆಕ್ಕ ಒಂದೇ. ಎರಡು ಎಂಜಿನ್ನಿನ ಸಣ್ಣ ವಿಮಾನದೊಳಗೆ ಕುರ್ಚಿಗಳ ಜಾಗ ಬದಲಿಸುವಾಗಲೂ ಇದೇ ಲೆಕ್ಕ.

ಕುರ್ಚಿ ಏಕೆ ಬದಲಿಸಬೇಕು? ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಎಚ್.ಎ.ಎಲ್. ಸಂಸ್ಥೆ ಕಾನ್ಪುರದಲ್ಲಿ ತಯಾರಿಸುವ ಡಾರ್ನಿಯರ್ 228 ವಿಮಾನವನ್ನೇ ನೋಡಿ. 2022ರ ಏಪ್ರಿಲ್ 12ರಂದು ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟಿಗೆ ಪ್ರಯಾಣಿಕರನ್ನು ಒಯ್ದದ್ದು 17 ಆಸನದ ಡಾರ್ನಿಯರ್. ಈ ಮಾದರಿಯಲ್ಲಿ 19 ಜನರನ್ನೂ ಕೂರಿಸಬಹುದು. ಕುರ್ಚಿ ತೆಗೆದು ಸರಕು ತುಂಬಬಹುದು. ಸ್ಟ್ರೆಚರ್ ಹಾಕಿ ರೋಗಿಯನ್ನು ಸಾಗಿಸಬಹುದು.

ಇಂಥ ವಿಮಾನಗಳಲ್ಲಿ ಕುರ್ಚಿಗಳನ್ನು ನೆಲದ ಹಳಿಗಳಿಗೆ ಬಿಗಿದಿರುತ್ತಾರೆ. ಅವನ್ನು ಬಿಚ್ಚುವುದು ಕಷ್ಟವಲ್ಲ, ಆಮೇಲಿನ ಲೆಕ್ಕವೇ ಮುಖ್ಯ. 2,000 ಕಿಲೋ ತೂಕದ ಒಂದು ವಿಮಾನ ಇದೆಯೆನ್ನಿ. 75 ಕಿಲೋ ತೂಕದವರು ಕೂತ ಜಾಗದಿಂದ 1.6 ಮೀಟರ್ ಹಿಂದಕ್ಕೆ ಹೋದರೆ, 75ನ್ನು 1.6ರಿಂದ ಗುಣಿಸಿ 2,000ದಿಂದ ಭಾಗಿಸಿ. ವಿಮಾನದ ತೂಕದ ನಡುಬಿಂದು 6 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಈ ಬಿಂದುವಿಗೆ ಮುಂದೊಂದು, ಹಿಂದೊಂದು ಗಡಿ ಇದೆ. ಮುಂದಿನ ಗಡಿ ದಾಟಿದರೆ ಇಳಿಯುವಾಗ ಮೂತಿ ಎತ್ತುವುದು ಕಷ್ಟ. ಹಿಂದಿನದನ್ನು ದಾಟಿದರೆ ಮೂತಿ ತಾನೇ ಮೇಲೇಳುತ್ತದೆ, ವೇಗ ಕುಸಿಯುತ್ತದೆ, ರೆಕ್ಕೆ ವಿಮಾನವನ್ನು ಹೊರಲಾರದು.

2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ ಎರಡು ಎಂಜಿನ್ನಿನ ಬೀಚ್‌ಕ್ರಾಫ್ಟ್ 1900 ವಿಮಾನ ಮೇಲೇರುತ್ತಲೇ ಬಿದ್ದು 21 ಜನ ಸತ್ತರು. ಬಾಲದ ಎಲಿವೇಟರ್ ನಿಯಂತ್ರಣವನ್ನು ತಪ್ಪಾಗಿ ಹೊಂದಿಸಿದ್ದರು. ಅದರ ಜೊತೆಗೆ ಭಾರವೂ ಗಡಿ ಮೀರಿ ಹಿಂದಿತ್ತು. ಪ್ರಯಾಣಿಕರನ್ನು ತೂಗದೆ ಸರಾಸರಿ ತೂಕ ಹಿಡಿದಿದ್ದರು. ಆಮೇಲೆ ಅಲ್ಲಿ ಆ ಸರಾಸರಿಯನ್ನು ಏರಿಸಿದರು.

ಆದ್ದರಿಂದ ಮಾಲೀಕರು ಮನಸ್ಸಿಗೆ ಬಂದಂತೆ ಕುರ್ಚಿ ಜೋಡಿಸುವಂತಿಲ್ಲ. ಒಪ್ಪಿಗೆ ಪಡೆದ ನಕ್ಷೆಯಂತೆಯೇ ಇಡಬೇಕು. ತುರ್ತು ಬಾಗಿಲಿಗೆ ಅಡ್ಡ ಬರಬಾರದು. ಪ್ರತಿ ಕುರ್ಚಿಗೂ ಗಟ್ಟಿ ಪಟ್ಟಿ ಇರಬೇಕು. ಖಾಲಿ ವಿಮಾನದ ಹೊಸ ತೂಕ ಮತ್ತು ಹೊಸ ನಡುಬಿಂದುವನ್ನು ದಾಖಲೆಯಲ್ಲಿ ಬರೆದು ಪರವಾನಿಗೆಯುಳ್ಳ ಎಂಜಿನಿಯರು ಸಹಿ ಹಾಕಬೇಕು.

ಕೇಳುಗರೇ, ನಾಳೆ ಸಾಂಬ್ರಾದಿಂದಲೋ ಉಜಳಾಯಿವಾಡಿಯಿಂದಲೋ ನಮ್ಮ ಮನೆಯವರೊಬ್ಬರನ್ನು ಆಂಬುಲೆನ್ಸ್ ವಿಮಾನದಲ್ಲಿ ಒಯ್ಯುವ ಪ್ರಸಂಗ ಬರಬಹುದು. ಆಗ ನಿಮ್ಮ ತೂಕ, ಚೀಲದ ತೂಕ ಕೇಳುತ್ತಾರೆ. ‘ಒಬ್ಬರೇ ಬನ್ನಿ, ಇಲ್ಲಿಯೇ ಕೂಡಿ’ ಎನ್ನುತ್ತಾರೆ. ಜಗಳ ಬೇಡ, ತೂಕವನ್ನು ಸರಿಯಾಗಿ ಹೇಳಿ. ಅವರು ಗಾಡಿಯ ಭಾರ ಸರಿದೂಗಿಸುತ್ತಿದ್ದಾರೆ, ನಮ್ಮವರ ಜೀವಕ್ಕಾಗಿ.