ಎರೆಹೊಲದ ಸೋಯಾ: ಚೀಲದ ಗೊಬ್ಬರ, ಬೇರಿನ ಗೊಬ್ಬರ

ಮಲಪ್ರಭೆಯ ದಡದ ಹೊಳೆಆಲೂರಿನಿಂದ ರೋಣದತ್ತ ಸಾಗುವಾಗ ಇಕ್ಕೆಲಗಳಲ್ಲಿಯೂ ಕಣ್ಣು ಹಾಯುವವರೆಗೆ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ ಎಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಕ್ರಮ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ. ಅದೂ ಹದವರಿತು ಬರುವುದಿಲ್ಲ. ಹೊಳೆ ಹತ್ತಿರವಿದ್ದರೂ ಕಾಲುವೆ ತಲುಪದ ಹೊಲಗಳು ಮುಗಿಲನ್ನೇ ನಂಬಿವೆ.

ಬೆಳಗಾವಿ, ಧಾರವಾಡ, ಬೀದರ ಜಿಲ್ಲೆಗಳಲ್ಲಿ ನೆಲೆಯೂರಿದ ಸೋಯಾ ಅವರೆಯನ್ನು ತಾವೂ ಬಿತ್ತಿ ನೋಡಬೇಕೆಂಬ ಆಸೆ ಇಂಥ ಸೀಮೆಯ ರೈತರಲ್ಲಿ ಮೂಡುವುದು ಸಹಜ. ಆಗ ಮೊದಲು ಏಳುವ ಪ್ರಶ್ನೆ, ಎಕರೆಗೆ ಎಷ್ಟು ಚೀಲ ಗೊಬ್ಬರ ಬೇಕು ಎಂಬುದು. ಈ ಪ್ರಶ್ನೆ ಹಗುರವಾದುದಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ತೆತ್ತುದನ್ನು ನಾವು ಮರೆತಿಲ್ಲ. ಅಷ್ಟು ದುಬಾರಿಯಾದ ಚೀಲವನ್ನು ಎಲ್ಲಿ, ಎಷ್ಟು ಸುರಿಯಬೇಕೆಂಬುದನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು.

ಸೋಯಾ ಕಾಳಿನಲ್ಲಿ ಸುಮಾರು ಶೇಕಡಾ 40ರಷ್ಟು ಪ್ರೋಟೀನು, 20ರಷ್ಟು ಎಣ್ಣೆ ಇದೆ. ಒಂದು ಕ್ವಿಂಟಲ್ ಕಾಳಿನಲ್ಲಿಯೇ 6 ಕಿಲೋದಷ್ಟು ಸಾರಜನಕ ಅಡಗಿರುತ್ತದೆ. ಎಕರೆಗೆ 6 ಕ್ವಿಂಟಲ್ ಬೆಳೆದರೆ 36 ಕಿಲೋ ಆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ ಸಾರಜನಕ 40, ರಂಜಕ 80, ಪೊಟ್ಯಾಷ್ 25 ಕಿಲೋ; ಎಕರೆಗೆ ಇಳಿಸಿದರೆ 16, 32, 10. ಹಾಗಾದರೆ ಉಳಿದ ಸಾರಜನಕ ಎಲ್ಲಿಂದ? ಒಂದು ಪಾಲು ಮಣ್ಣಿನಿಂದ, ದೊಡ್ಡ ಪಾಲು ಗಾಳಿಯಿಂದ. ಬೇರಿನ ಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಜಾತಿಯ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಚೀಲದ 16 ಕಿಲೋ ಸಸಿಗೆ ಮೊದಲ ಮೂರು ನಾಲ್ಕು ವಾರಗಳ ಬುತ್ತಿ ಮಾತ್ರ. ಅತಿಯಾಗಿ ಯೂರಿಯಾ ಸುರಿದರೆ ಎಲೆ ಹಸಿರಾಗುತ್ತದೆ, ಬೇರಿನ ಗಂಟು ಕಡಿಮೆಯಾಗುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಹೆಸರು ಬೆಳೆದ ಹೊಲದಲ್ಲಿರುವ ಸೂಕ್ಷ್ಮಾಣುಗಳು ಸಾಮಾನ್ಯವಾಗಿ ಸೋಯಾಕ್ಕೆ ಒಗ್ಗುವುದಿಲ್ಲ. ಸೋಯಾ ಕಾಣದ ನೆಲಕ್ಕೆ ಅದರದೇ ಅಣುಜೀವಿ ಗೊಬ್ಬರವನ್ನು ಬೀಜದೊಡನೆ ಕಳುಹಿಸಬೇಕು. ಇದು ಮನೆಯಂಗಳದ ಕೆಲಸ. ಬೆಲ್ಲದ ನೀರನ್ನು ಕುದಿಸಿ, ಪೂರ್ಣ ಆರಿಸಿ, ಬೀಜಕ್ಕೆ ತೆಳುವಾಗಿ ಸವರಿ, ಪೊಟ್ಟಣದ ಪುಡಿಯನ್ನು ಲೇಪಿಸಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಇದು ಕೊನೆಗೆ. ಬಿಸಿಲು ತಗುಲಿದರೆ, ಬೀಜವನ್ನು ರಾಸಾಯನಿಕ ಗೊಬ್ಬರದೊಡನೆ ಬೆರೆಸಿದರೆ ಪಟ್ಟ ಶ್ರಮ ವ್ಯರ್ಥ.

ಎರೆಮಣ್ಣಿನ ನಿಜವಾದ ಹಸಿವು ರಂಜಕದ್ದು. ಈ ಮಣ್ಣಿನ ಸುಣ್ಣವು ರಂಜಕವನ್ನು ಕಟ್ಟಿಹಾಕುತ್ತದೆ. ಹಾಕಿದ ಜಾಗ ಬಿಟ್ಟು ಅದು ಕದಲುವುದೂ ಕಡಿಮೆ. ಆದುದರಿಂದ ಮೇಲೆ ಚೆಲ್ಲದೆ, ಬಿತ್ತುವಾಗಲೇ ಕೂರಿಗೆಯಿಂದ ಬೀಜಕ್ಕಿಂತ ಆಳದಲ್ಲಿ, ಹಸಿ ಇರುವಲ್ಲಿ ಬೀಳುವಂತೆ ಮಾಡಬೇಕು. ಎಕರೆಯ 32 ಕಿಲೋ ರಂಜಕಕ್ಕೆ ಡಿ.ಎ.ಪಿ. ಆದರೆ 70 ಕಿಲೋ ಸಾಕು. ಅದರಲ್ಲಿಯೇ 12 ಕಿಲೋಕ್ಕೂ ಮಿಕ್ಕಿ ಸಾರಜನಕ ಬರುವುದರಿಂದ ಯೂರಿಯಾ 8 ಕಿಲೋ ಸೇರಿಸಿದರಾಯಿತು. ಆದರೆ ಎಣ್ಣೆಕಾಳಿಗೆ ಅವಶ್ಯವಾದ ಗಂಧಕ ಡಿ.ಎ.ಪಿ.ಯಲ್ಲಿ ಇಲ್ಲ, ಜೊತೆಗೆ 40-50 ಕಿಲೋ ಜಿಪ್ಸಂ ಬೇಕು. ಸೂಪರ್ ಫಾಸ್ಫೇಟ್ ಆದರೆ 50 ಕಿಲೋದ ನಾಲ್ಕು ಚೀಲ, ಯೂರಿಯಾ 35 ಕಿಲೋ. ಹೊರುವ ಭಾರ ಹೆಚ್ಚು, ಗಂಧಕ ಮಾತ್ರ ತಾನಾಗಿಯೇ ದೊರೆಯುತ್ತದೆ. ಡಿ.ಎ.ಪಿ. ಸಿಗದ ವರ್ಷ ಬಿತ್ತಿಗೆ ತಡೆಯಬೇಕಾಗಿಲ್ಲ ಎಂಬುದು ಈ ಲೆಕ್ಕದ ಸಾರ. ಎರಡರಲ್ಲಿ ಯಾವುದಾದರೂ ಪೊಟ್ಯಾಷ್ ಗೊಬ್ಬರ 17 ಕಿಲೋ ಸಾಕು. ಇವೆಲ್ಲಕ್ಕೂ ತಳಹದಿ ಮಾತ್ರ ಕಳಿತ ತಿಪ್ಪೆಗೊಬ್ಬರವೇ. ಹಸಿ ಹಿಡಿದಿಡುವ ಗುಣ ಯಾವ ಚೀಲಕ್ಕೂ ಇಲ್ಲ.

ನಮ್ಮಂತೆಯೇ ಮುಗಿಲು ನೋಡುವ ಉತ್ತರ ನೈಜೀರಿಯಾದ ಒಣ ಹುಲ್ಲುಗಾವಲು ಸೀಮೆಯ ಅನುಭವವೂ ಇದೇ. ಅಣುಜೀವಿ ಪೊಟ್ಟಣ ತಲುಪದ ಹಳ್ಳಿಗಳಿಗಾಗಿ ಇಬಾದಾನಿನ ಉಷ್ಣವಲಯ ಕೃಷಿ ಸಂಸ್ಥೆಯವರು ಸ್ಥಳೀಯ ಸೂಕ್ಷ್ಮಾಣುಗಳೊಡನೆಯೇ ಗಂಟು ಕಟ್ಟುವ ತಳಿಗಳನ್ನು ರೂಪಿಸಿದರು. 2009ರಲ್ಲಿ ಆರಂಭವಾದ ಎನ್‌ಟುಆಫ್ರಿಕಾ ಯೋಜನೆಯಲ್ಲಿ ರಂಜಕ, ಅಣುಜೀವಿ ಗೊಬ್ಬರ ಎರಡನ್ನೂ ಕೂಡಿಸಿದಾಗ ಇಳುವರಿ ಏರಿತು. ಆದರೆ ಹೊಲದಿಂದ ಹೊಲಕ್ಕೆ ಫಲ ಬಹಳ ಬೇರೆಯಾಗಿತ್ತು.

ಆದುದರಿಂದ ನಮ್ಮ ರೈತಬಾಂಧವರಲ್ಲಿ ಅರಿಕೆ ಇಷ್ಟೆ. ಮೊದಲ ವರ್ಷ ಹೊಲದ ಒಂದು ಮೂಲೆಗಷ್ಟೇ ಸೋಯಾ ಬಿತ್ತಿರಿ. ಉಳಿದುದು ಹೆಸರಿಗೇ ಇರಲಿ. ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ; ಎರೆಮಣ್ಣಿನಲ್ಲಿ ಸತು, ಕಬ್ಬಿಣಗಳ ಕೊರತೆಯೂ ಉಂಟು. ನಲವತ್ತನೆಯ ದಿನದ ಹೊತ್ತಿಗೆ ನಾಲ್ಕು ಗಿಡಗಳನ್ನು ಮಣ್ಣುಸಹಿತ ಮೆಲ್ಲಗೆ ಎತ್ತಿ, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಗಂಟು ದುಡಿಯುತ್ತಿದೆ. ಯೂರಿಯಾಕ್ಕಾಗಿ ಪಾಳಿ ಹಚ್ಚಬೇಕಿಲ್ಲ. ಗಂಟೇ ಇಲ್ಲದಿದ್ದರೆ ಬೀಜೋಪಚಾರ ಎಲ್ಲಿ ತಪ್ಪಿತೆಂದು ಮನೆಮಂದಿಯೆಲ್ಲ ಕುಳಿತು ವಿಚಾರಿಸಿರಿ. ಮುಂದಿನ ಮೃಗಶಿರಾ ಮಳೆಗೆ ಆ ತಿಳಿವಳಿಕೆಯೇ ಬಂಡವಾಳ.