ಬಾಟಲಿ, ಪಾಕೀಟು, ಬೊಗಸೆ ಬೀಜ

ಮಾರ್ಚ್ ತಿಂಗಳ ಬಿಸಿಲು. ಬಸವನ ಬಾಗೇವಾಡಿ ಕಡೆಯದೋ ಇಂಡಿ ಕಡೆಯದೋ, ಯಾವುದಾದರೂ ಒಂದು ಒಣದ್ರಾಕ್ಷಿ ಶೆಡ್ಡಿಗೆ ಹೋಗಿ ನಿಲ್ಲಿ. ಬಾಗಿಲಲ್ಲೇ ಒಂದು ದೊಡ್ಡ ಟಬ್ಬು, ಅದರ ತುಂಬ ಹಾಲಿನ ಹಾಗೆ ಬೆಳ್ಳಗಿನ ನೀರು. ಗೊಂಚಲು ತುಂಬಿದ ಕ್ರೇಟನ್ನು ಅದರಲ್ಲಿ ಮುಳುಗಿಸುತ್ತಾರೆ. ಎರಡರಿಂದ ನಾಲ್ಕು ನಿಮಿಷ, ಅಷ್ಟೇ. ಮೇಲೆತ್ತಿ, ನೀರು ಬಸಿದು, ಬಲೆ ಬಿಗಿದ ಅಟ್ಟಗಳ ಮೇಲೆ ಒಂದರ ಪಕ್ಕ ಒಂದು ಹರಡುತ್ತಾರೆ. ನೆರಳಲ್ಲಿ ಗಾಳಿ ಆಡಿ, ಹದಿನೈದು ದಿನದೊಳಗೆ ಕಾಳು ಒಣಗುತ್ತದೆ. ನಾಲ್ಕು ಕಿಲೊ ಹಸಿ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೊ ಒಣದ್ರಾಕ್ಷಿ.

ಆ ಟಬ್ಬಿನ ನೀರಿಗೆ ಶೆಡ್ಡಿನಲ್ಲಿ ಇರುವ ಹೆಸರು ‘ಡಿಪ್ಪಿಂಗ್ ಆಯಿಲ್’. ಲೀಟರ್ ನೀರಿಗೆ 15 ಮಿಲಿಲೀಟರ್ ಈಥೈಲ್ ಓಲಿಯೇಟ್, 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್. ಪುಣೆ ಬಳಿಯ ಮಾಂಜ್ರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಹೇಳುವ ಅಳತೆ ಇದು. ದ್ರಾಕ್ಷಿಯ ಮೈಮೇಲೆ ಬೂದಿ ಬಳಿದಂತೆ ಕಾಣುವುದು ಮೇಣ. ಒಳಗಿನ ನೀರು ಹೊರಗೆ ಹೋಗದಂತೆ ಕಾಯುವುದು ಅದೇ. ಈ ದ್ರಾವಣ ಮೇಣವನ್ನು ತೊಳೆದು ಹಾಕುವುದಿಲ್ಲ, ಅದರ ಪದರವನ್ನು ಸಡಿಲ ಮಾಡುತ್ತದೆ. ನೀರು ಬೇಗ ಹೊರಡುತ್ತದೆ. ಬೇಗ ಒಣಗಿದ ಹಣ್ಣು ಕಪ್ಪಾಗುವುದಿಲ್ಲ, ಹಸಿರು ಛಾಯೆ ಉಳಿಯುತ್ತದೆ. ಪೇಟೆಯಲ್ಲಿ ದರ ಕಟ್ಟುವುದು ಆ ಬಣ್ಣಕ್ಕೆ.

ಇದರ ಮೂಲ ಹುಡುಕುತ್ತ ಹೋದರೆ ಒಲೆಯ ಬೂದಿ ಸಿಗುತ್ತದೆ! ಬೂದಿಯ ತಿಳಿನೀರು, ಆಲಿವ್ ಎಣ್ಣೆ ಬೆರೆಸಿ ದ್ರಾಕ್ಷಿ ಅದ್ದುವುದು ಮೆಡಿಟರೇನಿಯನ್ ತೀರದ ರೈತರ ಹಳೆಯ ವಿದ್ಯೆ. ಆಸ್ಟ್ರೇಲಿಯಾದ ಮರ್ಬೀನ್ ಎಂಬ ಊರಿನ ಸರ್ಕಾರಿ ಪ್ರಯೋಗಾಲಯದವರು 1960ರ ದಶಕದಲ್ಲಿ ಇದರ ಹಿಂದೆ ಬಿದ್ದರು. ಎಣ್ಣೆಯಲ್ಲಿ ಕೆಲಸ ಮಾಡುವ ಅಂಶ ಯಾವುದು, ಅದು ಮೇಣಕ್ಕೆ ಏನು ಮಾಡುತ್ತದೆ ಎಂದು ಬಿಡಿಸಿ ನೋಡಿದರು. ಬೂದಿಯ ಜಾಗಕ್ಕೆ ಪೊಟ್ಯಾಸಿಯಂ ಕಾರ್ಬೊನೇಟ್ ಬಂತು, ಆಲಿವ್ ಎಣ್ಣೆಯ ಜಾಗಕ್ಕೆ ಅಳತೆ ಮಾಡಿದ ರಾಸಾಯನಿಕ ಬಂತು. ಅಜ್ಜಿಯ ಅಂದಾಜು ಬಾಟಲಿಯಾಯಿತು.

ಅದೇ ತೋಟದಲ್ಲಿ ಇನ್ನೂ ನಾಲ್ಕು ಹೆಜ್ಜೆ ಹಾಕಿ. ಬಳ್ಳಿಯ ತಳಿ ಥಾಮ್ಸನ್ ಸೀಡ್‌ಲೆಸ್ ಅಥವಾ ಅದರ ಮಕ್ಕಳು. ಪಶ್ಚಿಮ ಏಷ್ಯಾದ ಈ ಹಳೆಯ ಬೀಜರಹಿತ ಹಣ್ಣಿಗೆ 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ವಿಲಿಯಂ ಥಾಮ್ಸನ್ ಎಂಬ ರೈತನ ಹೆಸರು ಅಂಟಿಕೊಂಡಿತು. ಬುಡ ಡಾಗ್‌ರಿಜ್. ಟೆಕ್ಸಾಸಿನ ಒಂದು ದಿಬ್ಬದ ಹೆಸರು ಅದು. ಅಲ್ಲಿಯ ಕಾಡು ಬಳ್ಳಿ ಉಪ್ಪು ನೀರನ್ನೂ ಬರವನ್ನೂ ತಡೆಯುತ್ತದೆಂದು ಅದರ ಮೇಲೆ ನಮ್ಮವರು ಕಸಿ ಕಟ್ಟುತ್ತಾರೆ. ಚಾಟ್ನಿ ಮಾಡಿದ ಮೇಲೆ, ಅಂದರೆ ಬಳ್ಳಿ ಸವರಿದ ಮೇಲೆ, ಕಣ್ಣು ಒಡೆಯಲು ಬಳಿಯುವ ಹೈಡ್ರೋಜನ್ ಸಯನಮೈಡ್ ಜರ್ಮನಿಯ ಬವೇರಿಯಾದ ಕಾರ್ಖಾನೆಯಿಂದ ಹೆಸರಾದದ್ದು. ಅದನ್ನು ಮುಟ್ಟಿದ ದಿನ ಮದ್ಯ ಮುಟ್ಟಿದರೆ ಮೈ ಕೆಂಪೇರಿ ಉಸಿರು ಕಟ್ಟುತ್ತದೆ ಎಂಬುದನ್ನು ಬೆಳೆಗಾರರು ಮರೆಯಬಾರದು.

ಇನ್ನು ಕಾಳು ದಪ್ಪವಾಗಲು ಹೊಡೆಯುವ ‘ಜಿಎ’. ಜಪಾನಿನ ಭತ್ತದ ಗದ್ದೆಗಳಲ್ಲಿ ಒಂದು ರೋಗವಿತ್ತು. ಸಸಿ ಹುಚ್ಚೆದ್ದು ಉದ್ದ ಬೆಳೆದು ಬಿದ್ದುಹೋಗುತ್ತಿತ್ತು. ‘ಪೆದ್ದ ಸಸಿ’ ರೋಗ ಎಂದೇ ಅಲ್ಲಿ ಕರೆಯುತ್ತಿದ್ದರು. ಇದು ಶಿಲೀಂಧ್ರ ಸುರಿಸುವ ರಸದ ಕೆಲಸ ಎಂದು 1926ರಲ್ಲಿ ಎಯಿಚಿ ಕುರೊಸಾವ ತೋರಿಸಿದರು. 1935ರಲ್ಲಿ ತೇಜಿರೊ ಯಬುತ ಆ ರಸಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಯುದ್ಧ ಮುಗಿದ ಮೇಲೆ ಬ್ರಿಟನ್, ಅಮೆರಿಕದ ಪ್ರಯೋಗಾಲಯಗಳು ಇದನ್ನು ಹಿಡಿದುಕೊಂಡವು. 1950ರ ದಶಕ ಮುಗಿಯುವುದರೊಳಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಬರ್ಟ್ ವೀವರ್ ಬೀಜರಹಿತ ದ್ರಾಕ್ಷಿಯ ಮೇಲೆ ಪ್ರಯೋಗಿಸಿ ನೋಡಿದ್ದರು. ಭತ್ತದ ರೋಗ ದ್ರಾಕ್ಷಿಯ ಟಾನಿಕ್ ಆಯಿತು.

ಎಂದರೆ ನಮ್ಮ ಒಂದು ಎಕರೆ ತೋಟದಲ್ಲಿ ಐದಾರು ದೇಶಗಳ ವಿದ್ಯೆ ಬೇರು ಬಿಟ್ಟಿದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ವಿದ್ಯೆಗೆ ಊರು ಕೇರಿ ಇಲ್ಲ. ಆದರೆ ವಿದ್ಯೆ ರೈತನ ಕೈಗೆ ಯಾವ ರೂಪದಲ್ಲಿ ಬರುತ್ತದೆ ಎಂಬುದಕ್ಕೆ ಬೆಲೆ ಇದೆ. ಡಿಪ್ಪಿಂಗ್ ಆಯಿಲ್ ಆಗಲಿ, ಜಿಎ ಆಗಲಿ ಇವತ್ತು ಒಬ್ಬರ ಸ್ವತ್ತಲ್ಲ. ಹತ್ತು ಕಂಪನಿ ತಯಾರಿಸುತ್ತವೆ. ಒಂದು ಅಂಗಡಿಯಲ್ಲಿ ದುಬಾರಿ ಎನಿಸಿದರೆ ಪಕ್ಕದ ಅಂಗಡಿ ಇದೆ. ಬಾಟಲಿ ಕೊಳ್ಳಬೇಕು ನಿಜ, ಯಾರದನ್ನು ಕೊಳ್ಳಬೇಕೆಂಬುದು ರೈತನ ಕೈಯಲ್ಲಿದೆ.

ಈಗ ಮುದ್ದೇಬಿಹಾಳದ ಕಡೆ ಹೊರಳಿ. ಎರೆಹೊಲದ ಹತ್ತಿಯ ಕಥೆ ಬಾಟಲಿಯದಲ್ಲ, ಪಾಕೀಟಿನದು. ಮಣ್ಣಿನಲ್ಲಿರುವ ಬಿಟಿ ಎಂಬ ಬ್ಯಾಕ್ಟೀರಿಯಾದ ಜೀನ್ ತೆಗೆದು ಹತ್ತಿಗೆ ಸೇರಿಸಿದರೆ ಕಾಯಿಕೊರಕ ಹುಳು ಸಾಯುತ್ತದೆ ಎಂಬ ಸಂಶೋಧನೆಯನ್ನು ಅಮೆರಿಕದ ಮಾನ್ಸ್ಯಾಂಟೊ ಸರಕು ಮಾಡಿತು. ಮಹಾರಾಷ್ಟ್ರದ ಮಹಿಕೊ ಜೊತೆ 1998ರಲ್ಲಿ ಪಾಲುಗಾರಿಕೆ ಆಯಿತು. 2002ರ ಮಾರ್ಚಿನಲ್ಲಿ ಕೇಂದ್ರದ ಅನುಮತಿ ಸಿಕ್ಕಿತು. ಅಂತರರಾಷ್ಟ್ರೀಯ ತಂತ್ರಜ್ಞಾನ ಪಾಲುದಾರಿಕೆ ಎಂದು ಸಭೆಗಳಲ್ಲಿ ಹೇಳುತ್ತಾರಲ್ಲ, ನಮ್ಮ ಹೊಲಕ್ಕೆ ಬಂದ ಅದರ ಅತಿ ದೊಡ್ಡ ಉದಾಹರಣೆ ಇದೇ.

ಹುಳು ಸತ್ತಿತು, ಇಳುವರಿ ಏರಿತು, ಔಷಧ ಹೊಡೆಯುವ ಖರ್ಚು ಮೊದಮೊದಲು ಇಳಿಯಿತು. ಸುಳ್ಳಲ್ಲ. ಆದರೆ ಜೀನ್ ಸಿಕ್ಕಿದ್ದು ಹೈಬ್ರಿಡ್ ಬೀಜದೊಳಗೆ ಮಾತ್ರ. ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಇಟ್ಟು ಮರುವರ್ಷ ಬಿತ್ತಿದರೆ ಮೊದಲಿನ ಬೆಳೆ ಬರುವುದಿಲ್ಲ. ಪ್ರತಿ ವರ್ಷ ಪಾಕೀಟು ತರಲೇಬೇಕು. 450 ಗ್ರಾಮಿನ ಪಾಕೀಟಿಗೆ ಮೊದಲ ವರ್ಷಗಳಲ್ಲಿ 1,600 ರೂಪಾಯಿ ಆಸುಪಾಸು ಬೆಲೆ, ಅದರಲ್ಲಿ ದೊಡ್ಡ ಪಾಲು ಜೀನಿನ ಶುಲ್ಕ. 2006ರಲ್ಲಿ ಆಂಧ್ರಪ್ರದೇಶ ಸರ್ಕಾರ ಹಟ ಹಿಡಿದ ಮೇಲೆ ಬೆಲೆ 750 ರೂಪಾಯಿಗೆ ಇಳಿಯಿತು. 2020ರಲ್ಲಿ ಕೇಂದ್ರ ಆ ಶುಲ್ಕವನ್ನೇ ಸೊನ್ನೆ ಮಾಡಿತು. ಅಷ್ಟರಲ್ಲಿ ಗುಲಾಬಿ ಕಾಯಿಕೊರಕ ಬಿಟಿಯನ್ನೇ ಅರಗಿಸಿಕೊಂಡು ಮತ್ತೆ ಕಾಯಿಯೊಳಗೆ ಕೂತಿತ್ತು.

ಇಲ್ಲಿ ನಮ್ಮ ಧಾರವಾಡದ ಒಂದು ಅಧ್ಯಾಯ ಇದೆ. ಎರಡು ಜಾತಿಯ ಹತ್ತಿ ಕೂಡಿಸಿದ ವರಲಕ್ಷ್ಮಿ ಹೈಬ್ರಿಡ್ 1972ರಲ್ಲಿ ಡಾ. ಬಿ.ಎಚ್. ಕಟರಕಿ ಅವರ ಕೈಯಲ್ಲಿ ಹುಟ್ಟಿದ್ದು ಅಲ್ಲಿಯೇ. ಅದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಬಿಕಾನೇರಿ ನರ್ಮಾ ಎಂಬ ಸರ್ಕಾರಿ ಬಿಟಿ ಹತ್ತಿ ತಂದಿತು. ಹೈಬ್ರಿಡ್ ಅಲ್ಲ, ತಳಿ. ಬೀಜ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತು. ಆದರೆ ಅದರಲ್ಲಿ ಮಾನ್ಸ್ಯಾಂಟೊದ ಜೀನ್ ಕಂಡುಬಂದು, 2009ರಲ್ಲಿ ಪೇಟೆಗೆ ಬಂದ ಬೀಜ ಹಾಗೇ ಹಿಂದಕ್ಕೆ ಹೋಯಿತು. ಪಾಕೀಟಿನಿಂದ ಬಿಡುಗಡೆಯಾಗುವ ಬಾಗಿಲು ತೆರೆದಷ್ಟೇ ಬೇಗ ಮುಚ್ಚಿತು. ಹೊರಗಿನವರನ್ನು ಬೈದು ಏನು ಫಲ? ನಮ್ಮ ಪ್ರಯೋಗಾಲಯ ಬಿಗಿಯಾಗಿ ಇರಬೇಕಿತ್ತು.

ಸಿಂದಗಿಯ ತೊಗರಿ ಹೊಲದ ಲೆಕ್ಕ ಬೇರೆ. ತೊಗರಿಗೆ ನೆಟೆ ರೋಗ ಬಿದ್ದರೆ ಹಸಿರು ಗಿಡ ನಿಂತಲ್ಲೇ ಬಾಡುತ್ತದೆ. ಬುಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಅವಿತು ಕೂಡುತ್ತದೆ, ಔಷಧಕ್ಕೆ ಜಗ್ಗುವುದಿಲ್ಲ. ಹೈದರಾಬಾದ್ ಪಕ್ಕದ ಪಟಂಚೆರುವಿನಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಎದ್ದಿತು. ಹಲವು ದೇಶಗಳ ಹಣ, ಒಣಭೂಮಿಯ ಬೆಳೆಗಳ ಕೆಲಸ. ಅಲ್ಲಿಯ ವಿಜ್ಞಾನಿಗಳು ಬೇಕೆಂದೇ ರೋಗ ತುಂಬಿದ ಮಡಿ ಮಾಡಿ, ಅದರಲ್ಲಿ ಊರೂರಿನ ರೈತರ ತೊಗರಿ ಬಿತ್ತಿ, ಯಾವುದು ಬದುಕುತ್ತದೆ ಎಂದು ಕಾದರು. ಬದುಕಿದವುಗಳಲ್ಲಿ ಒಂದು, ಮಹಾರಾಷ್ಟ್ರದ ರೈತರ ನಾಟಿ ತೊಗರಿಯಿಂದ ಆಯ್ದದ್ದು, 1986ರಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು.

ಮಾರುತಿ ಹರಡಿದ್ದು ಜಾಹೀರಾತಿನಿಂದಲ್ಲ. ಒಬ್ಬರ ಹೊಲದಲ್ಲಿ ನೆಟೆ ಬೀಳಲಿಲ್ಲ ಎಂದು ಕಂಡವರು ಬೊಗಸೆ ಬೀಜ ಇಸಿದುಕೊಂಡರು, ಮರುವರ್ಷ ಬೀಗರಿಗೆ ಕೊಟ್ಟರು. ಮುಂದೆ ಟಿಎಸ್-3ಆರ್‌ನಂಥ ತಳಿಗಳು ರಾಯಚೂರು ಕೃಷಿ ವಿಶ್ವವಿದ್ಯಾಲಯದಿಂದ ಬಂದವು. ಇಲ್ಲೂ ಸಂಶೋಧನೆ ಸರಕಾಯಿತು. ಆದರೆ ಅದರ ಲಾಭ ಬೇಳೆಯಾಗಿ ರೈತನ ಮನೆಗೆ ಬಂತು, ಶುಲ್ಕವಾಗಿ ಹೊರಗೆ ಹೋಗಲಿಲ್ಲ.

ಜೋಳದ್ದೂ ಒಂದು ಮಾತು ಹೇಳಲೇಬೇಕು. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದಾಗ ಅದರ ತಾಯಿ ಸಾಲು ಅಮೆರಿಕದ್ದು. ಮುಂಗಾರಿಯಲ್ಲಿ ಹೈಬ್ರಿಡ್ ಗೆದ್ದಿತು. ನಮ್ಮ ಹಿಂಗಾರಿ ಬಿಳಿಜೋಳದಲ್ಲಿ ಸೋತಿತು. ಸೊಲ್ಲಾಪುರ ಪಕ್ಕದ ಮೊಹೋಳದಲ್ಲಿ ಆಯ್ದ ಮಾಲದಂಡಿ, ಅಂದರೆ ಎಂ 35-1, ಅಜ್ಜನ ಕಾಲದಿಂದ ಇಂದಿಗೂ ಕುರ್ಚಿ ಬಿಟ್ಟಿಲ್ಲ. ಕಾರಣ ಎರಡೇ: ರೊಟ್ಟಿಯ ರುಚಿ ಮತ್ತು ದನಕ್ಕೆ ಕಣಕಿ. ಚೀಲ ಎಷ್ಟು ಬಂತು ಎಂದು ವಿಜ್ಞಾನಿ ಎಣಿಸಿದರೆ, ರೊಟ್ಟಿ ಬಡಿಯುವಾಗ ಹಿಟ್ಟು ಹರಿಯುತ್ತದೋ ಇಲ್ಲವೋ ಎಂದು ನೋಡಿದವರು ಹೆಣ್ಣುಮಕ್ಕಳು. ಆ ಪರೀಕ್ಷೆಯಲ್ಲಿ ಪಾಸಾಗದ ಸಂಶೋಧನೆ ಎಷ್ಟು ದೊಡ್ಡ ಊರಿನದಾದರೂ ಇಲ್ಲಿ ಮಾರಾಟವಾಗದು.

ಕಡೆಗೆ ಇಂಡಿ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಲಿಂಬೆ ಅಭಿವೃದ್ಧಿ ಮಂಡಳಿಯೂ ಅಲ್ಲಿಯೇ ಇದೆ. ಬೇಸಿಗೆಯಲ್ಲಿ ಹಣ್ಣಿಗೆ ಬಂಗಾರದ ದರ, ಮಳೆಗಾಲದಲ್ಲಿ ಕೇಳುವವರಿಲ್ಲ. ಇದೇ ಜಾತಿಯ ಲಿಂಬೆ ಏಷ್ಯಾದಿಂದ ಹೊರಟು ಸ್ಪೇನಿನವರ ಹಡಗಿನಲ್ಲಿ ಮೆಕ್ಸಿಕೊ ಸೇರಿ ‘ಮೆಕ್ಸಿಕನ್ ಲೈಮ್’ ಆಯಿತು. ಅದರ ಹಣ್ಣನ್ನು ಭಟ್ಟಿ ಇಳಿಸಿ ತೆಗೆದ ಎಣ್ಣೆ ತಂಪುಪಾನೀಯಗಳಿಗೆ, ಸುಗಂಧಕ್ಕೆ ಹೋಗುತ್ತದೆ. ನಾವು ಇನ್ನೂ ಹಣ್ಣನ್ನು ಚೀಲದಲ್ಲಿ ತುಂಬಿ ಲಾರಿಗೆ ಏರಿಸುತ್ತಿದ್ದೇವೆ.

ವಿದ್ಯೆ ದೂರ ಇಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಇರುವುದೇ ಇಂಥ ಕೆಲಸಕ್ಕೆ. ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಅಲ್ಲಿ ಸಿದ್ಧವಾಯಿತು. ಅದನ್ನು ಡಬ್ಬಿಗೆ ತುಂಬಿದ್ದು ಗುಜರಾತಿನ ಆಣಂದದ ಹಾಲು ಉತ್ಪಾದಕರ ಸಂಘ, ಅಮುಲ್ ಹೆಸರಿನಲ್ಲಿ. ಸಂಶೋಧನೆ ಮೈಸೂರಿನದು, ಕಾರ್ಖಾನೆ ಎಮ್ಮೆ ಸಾಕಿದವರದು. ಇಂಡಿಯ ಲಿಂಬೆಗೆ ಬೇಕಾಗಿರುವುದು ಈ ಜೋಡಿ. ಯಂತ್ರ ಹೊರದೇಶದಿಂದ ಬಂದರೂ ಬರಲಿ, ಪಾಲು ಬೆಳೆದವರ ಹೆಸರಿನಲ್ಲಿ ಇರಲಿ.

ನಾಲ್ಕು ತಾಲ್ಲೂಕು ಸುತ್ತಿದ ಮೇಲೆ ಉಳಿಯುವ ಮಾತು ಇಷ್ಟು. ವಿದೇಶಿ ತಂತ್ರಜ್ಞಾನ ಬೇಕೇ ಬೇಡವೇ ಎಂಬ ಜಗಳ ಹಳತಾಯಿತು, ಅದು ಆಗಲೇ ನಮ್ಮ ಬೇರಿನಲ್ಲಿದೆ. ಕೇಳಬೇಕಾದದ್ದು ಬೇರೆ: ಬೀಜ ಮನೆಯಲ್ಲಿ ಇಟ್ಟುಕೊಳ್ಳಬಹುದೇ? ಬೆಲೆ ಯಾರು ಕಟ್ಟುತ್ತಾರೆ? ಮಾರುವವನು ಒಬ್ಬನೋ, ಹತ್ತು ಮಂದಿಯೋ? ಬೆಳೆ ಕೆಟ್ಟರೆ ಯಾರ ಹೆಗಲಿಗೆ? ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರಾಗಿ ಕೂತಿರುವ ನಮ್ಮ ಊರಿನ ಯುವಕರಲ್ಲಿ ಒಂದು ವಿನಂತಿ. ನಾಳೆ ಯಾವುದೇ ದೇಶದ ಕಂಪನಿ ಒಪ್ಪಂದದ ಕಾಗದ ಹಿಡಿದು ಬಂದರೆ ಚಹಾ ಕೊಟ್ಟು ಕೂರಿಸಿ, ಮಾತಾಡಿ. ಸಹಿ ಹಾಕುವ ಮೊದಲು ಮಾತ್ರ ಅದನ್ನು ಪೂರ್ತಿ ಕನ್ನಡದಲ್ಲಿ ಬರೆಸಿ, ಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ.